ಆಟದ ಲೆಡ್ಜರ್ ಯಾರ ಕೈಯಲ್ಲಿ?

ಮಕ್ಕಳೇ, ಅಮ್ಮ ಊಟಕ್ಕೆ ಕರೆದರೆ "ಮ್ಯಾಚ್ ನಡೀತಿದೆ, ಮಧ್ಯೆ ಬಿಡೋಕಾಗಲ್ಲ" ಎನ್ನುತ್ತೀರಿ. "ಆಟ ತಾನೇ, ನಿಲ್ಲಿಸಿ ಬಾ" ಎನ್ನುತ್ತಾರೆ ಅಮ್ಮ. ಈ ಜಗಳ ಈಗ ಮನೆಮನೆಯಲ್ಲೂ ಇದೆ. ತೀರ್ಪು ಹೇಳುವ ಮೊದಲು, ಹತ್ತು ಜನ ಹತ್ತು ಮನೆಗಳಲ್ಲಿ ಕುಳಿತು ಒಂದೇ ಆಟ ಆಡುವುದು ಹೇಗೆ ಎಂದು ನೋಡೋಣ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದಾಗ ಕೌಂಟರಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಹಣ ತೆಗೆಯಲು ಬಂದವರು ಚೀಟಿ ಬರೆದು ಕೊಟ್ಟು, ಹಿತ್ತಾಳೆ ಟೋಕನ್ ಹಿಡಿದು ಬೆಂಚಿನ ಮೇಲೆ ಕೂರುತ್ತಿದ್ದರು. ಲೆಡ್ಜರಿನಲ್ಲಿ ಬಾಕಿ ನೋಡಿ, ಅಧಿಕಾರಿ ಪಾಸ್ ಮಾಡಿದ ಮೇಲೆಯೇ ಕ್ಯಾಷಿಯರ್ ಹಣ ಎಣಿಸುತ್ತಿದ್ದುದು. ಚೀಟಿಯಲ್ಲಿ ಯಾರು ಎಷ್ಟು ಬೇಕಾದರೂ ಬರೆಯಬಹುದು. ಲೆಡ್ಜರ್ ಹೇಳಿದ್ದೇ ಲೆಕ್ಕ.

ಕೌಂಟರ್-ಸ್ಟ್ರೈಕ್‌ನಂಥ ಗುಂಡಿನ ಆಟದಲ್ಲೂ ಹೀಗೆಯೇ. ನೀವು ಗುಂಡಿ ಒತ್ತಿದಾಗ "ನಾನು ಗುಂಡು ಹಾರಿಸಿದೆ" ಎಂಬ ಚೀಟಿ ಮಾತ್ರ ಹೋಗುತ್ತದೆ. ಅದು ತಗುಲಿತೋ ಇಲ್ಲವೋ ಎಂದು ತೀರ್ಮಾನಿಸುವುದು ಸರ್ವರ್ ಎಂಬ ಇನ್ನೊಂದು ಕಂಪ್ಯೂಟರ್. ಅದೇ ಆಟದ ಲೆಡ್ಜರ್. ಆ ಲೆಡ್ಜರ್ ಇಟ್ಟುಕೊಂಡು ಆಟ ನಡೆಸುವುದು 'ಹೋಸ್ಟ್' ಮಾಡುವುದು. ಅದಕ್ಕೆ ನಮ್ಮ ಚೀಟಿ ಕಳಿಸಲು ಒಪ್ಪುವುದು 'ಜಾಯಿನ್' ಆಗುವುದು.

ಮೊದಲು ಹೀಗಿರಲಿಲ್ಲ. 1993ರಲ್ಲಿ ಬಂದ ಡೂಮ್ ಆಟವನ್ನು ನಾಲ್ಕು ಜನ ಕಂಪ್ಯೂಟರುಗಳನ್ನು ಜೋಡಿಸಿ ಆಡಬಹುದಿತ್ತು. ಆದರೆ ಪ್ರತಿ ಕಂಪ್ಯೂಟರೂ ತನ್ನದೇ ಲೆಕ್ಕ ಬರೆಯುತ್ತಿತ್ತು. ಎಲ್ಲರ ಚೀಟಿ ಎಲ್ಲರಿಗೂ ತಲುಪಿದ ಮೇಲೆಯೇ ಮುಂದಿನ ಹೆಜ್ಜೆ. ಒಬ್ಬರದು ನಿಧಾನವಾದರೆ ಎಲ್ಲರೂ ಕಾಯಬೇಕು; ಶುರುವಾದ ಆಟಕ್ಕೆ ನಡುವೆ ಬಂದು ಸೇರುವಂತಿರಲಿಲ್ಲ. 1996ರ ಕ್ವೇಕ್ ಆಟ ಒಂದೇ ಸರ್ವರಿಗೆ ಲೆಕ್ಕ ಒಪ್ಪಿಸಿತು. ಬರುವವರು ಬರಬಹುದು, ಹೋಗುವವರು ಹೋಗಬಹುದು ಎಂದಾಯಿತು.

ಇನ್ನು 'ಪಿಂಗ್'. ನಿಮ್ಮ ಚೀಟಿ ಸರ್ವರಿಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯವೇ ಪಿಂಗ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರ ಸುಮಾರು 3,200 ಕಿ.ಮೀ. ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡ್ ಬೇಕೇಬೇಕು. ಸರ್ವರ್ ಅಮೆರಿಕದಲ್ಲಿದ್ದರೆ ಅದರ ನಾಲ್ಕು ಪಟ್ಟಿಗೂ ಮೀರಬಹುದು. ಆದ್ದರಿಂದ ಹತ್ತಿರದ ಸರ್ವರ್ ಆರಿಸಿಕೊಳ್ಳಿ. ಸೋತಾಗಲೆಲ್ಲ ಮನೆಯ ವೈಫೈ ಮೇಲೆ ಸಿಟ್ಟಾಗಬೇಡಿ.

ರಜೆಯಲ್ಲಿ ಮಾವನ ಮಕ್ಕಳು, ಅತ್ತೆಯ ಮಕ್ಕಳು ಸೇರಿದಾಗ ಮನೆಯ ಒಂದು ಕಂಪ್ಯೂಟರಿನಲ್ಲೇ ಹೋಸ್ಟ್ ಮಾಡುವುದುಂಟು. ಆಗ ಎರಡು ಮಾತು ನೆನಪಿಡಿ. ಹೋಸ್ಟ್ ಮಾಡಿದವನು ತಾನೂ ಆಡುತ್ತಿದ್ದರೆ ಅವನ ಚೀಟಿಗೆ ಪ್ರಯಾಣವೇ ಇಲ್ಲ; ಲೆಡ್ಜರ್ ಬರೆಯುವವನೇ ಗಿರಾಕಿಯೂ ಆದಂತೆ. ಆದ್ದರಿಂದ ಸರದಿಯ ಮೇಲೆ ಹೋಸ್ಟ್ ಆಗುವುದು ನ್ಯಾಯ. ಎರಡನೆಯದು, ಅವನು ಆಟ ಮುಚ್ಚಿ ಎದ್ದರೆ ಎಲ್ಲರ ಆಟವೂ ಮುಗಿಯಿತು. ಸೋಲುತ್ತಿದ್ದೇನೆಂದು ಲೆಡ್ಜರ್ ಮಡಚಿಡುವವನ ಮನೆಗೆ ಮತ್ತೆ ಯಾರು ಆಡಲು ಬಂದಾರು?

ಈಗ ಊಟದ ಜಗಳಕ್ಕೆ ಬರೋಣ. 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2ರ ಸ್ಪರ್ಧಾ ಮ್ಯಾಚಿನಲ್ಲಿ ಐವರ ಎರಡು ತಂಡ. 24 ಸುತ್ತು, ಮೊದಲು 13 ಗೆದ್ದವರು ವಿಜಯಿ. ಸುತ್ತಿಗೆ ಎರಡು ನಿಮಿಷ ಎಂದರೂ ಮುಕ್ಕಾಲು ಗಂಟೆ ಆಗಬಹುದು. ಮಧ್ಯೆ ಬಿಟ್ಟರೆ ಉಳಿದ ನಾಲ್ವರು ಒಬ್ಬರ ಕೊರತೆಯಲ್ಲಿ ಆಡಬೇಕು. ಬಿಟ್ಟವನನ್ನು ಸ್ವಲ್ಪ ಕಾಲ ಹೊಸ ಮ್ಯಾಚಿಗೆ ಸೇರಿಸುವುದಿಲ್ಲ. ಅಂದರೆ ಮಗು ಹೇಳುವುದು ನೆಪವಲ್ಲ, ಅಮ್ಮಂದಿರೇ. ಆದರೆ ಮಕ್ಕಳೇ, ಎಂಟೂವರೆಗೆ ಊಟ ಎಂದು ಗೊತ್ತಿದ್ದೂ ಎಂಟೂಕಾಲಿಗೆ ಜಾಯಿನ್ ಒತ್ತಿದವರು ಯಾರು? ಜಾಯಿನ್ ಒತ್ತುವುದು ಸಹಿ ಹಾಕಿದಂತೆ. ಸಹಿಗೆ ಮುಂಚೆ ಗಡಿಯಾರ ನೋಡಿ. ದೊಡ್ಡವರೂ ತಟ್ಟೆ ಹಾಕಿದ ಮೇಲೆ ಕೂಗುವ ಬದಲು, ಮ್ಯಾಚ್ ಶುರುವಾಗುವ ಮೊದಲೇ ಹೊತ್ತು ಹೇಳಿಬಿಡಿ.

ಇನ್ನೊಂದು ಮಾತು. ಅಮೆರಿಕದ ವಯೋಮಿತಿ ಮಂಡಳಿ ಕೌಂಟರ್-ಸ್ಟ್ರೈಕ್ ಆಟಕ್ಕೆ 17 ವರ್ಷ ತುಂಬಿರಬೇಕು ಎಂದು ಗುರುತು ಹಾಕಿದೆ. ಮೂರನೇ ಕ್ಲಾಸಿನ ಪುಟ್ಟನಿಗೆ ಓಟದ ಕಾರೋ ಕೇರಮ್ಮೋ ಸಾಕು.

ದೊಡ್ಡ ಮಕ್ಕಳೂ ಹೆಸರು ಗೊತ್ತಿಲ್ಲದವರು ಹೋಸ್ಟ್ ಮಾಡಿದ ಆಟಕ್ಕೆ ಸೇರುವಾಗ ಎಚ್ಚರವಾಗಿರಬೇಕು. ಮನೆಯ ಆಟಕ್ಕೆ ಪಾಸ್‌ವರ್ಡ್ ಇಟ್ಟು ಗೆಳೆಯರಿಗಷ್ಟೇ ಹೇಳಿ. ಆದರೆ ನಿಮ್ಮ ಖಾತೆಯ ಪಾಸ್‌ವರ್ಡ್ ಬೇರೆ, ಅದನ್ನು ಗೆಳೆಯನಿಗೂ ಹೇಳಬಾರದು. "ಹೊಸ ಬಂದೂಕು ಕೊಡಿಸ್ತೀನಿ, ಅಪ್ಪನ ಫೋನಿಗೆ ಬಂದ ಓಟಿಪಿ ಹೇಳು" ಎಂದರೆ ಆ ಕ್ಷಣವೇ ಹೊರಬಂದು ಮನೆಯವರಿಗೆ ತಿಳಿಸಿ. ಅಂಥಾಗ ಮ್ಯಾಚ್ ಮಧ್ಯೆ ಬಿಟ್ಟರೂ ತಪ್ಪಿಲ್ಲ.