ಶಕುಂತಲೆ ಕೇಳಿದ್ದೂ ಅದನ್ನೇ

ನಮ್ಮ ಮಂಡ್ಯದಲ್ಲಿ ಈಚೆಗೆ ಯಾವ ಸಾಹಿತ್ಯ ಸಭೆಗೆ ಹೋದರೂ, ಯಾವ ಮದುವೆಯ ಪಂಕ್ತಿಯಲ್ಲಿ ಕುಳಿತರೂ, ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ಈಗಿನ ಹೆಣ್ಣುಮಕ್ಕಳಿಗೆ ಪ್ರೀತಿ ಬೇಡ, ಸಂಬಳ ಬೇಕು, ಗಂಡ ಬೇಡ, ಬೆಂಗಳೂರಿನಲ್ಲಿ ಮನೆ ಬೇಕು. ಇಷ್ಟು ಹೇಳಿ ಸುಮ್ಮನಾದರೆ ಗಂಡು ಹೆತ್ತವರ ಸಂಕಟವೆಂದು ಕೇಳಿಸಿಕೊಳ್ಳಬಹುದಾಗಿತ್ತು. ಆದರೆ ಭಾಷಣಕಾರರು ಒಡನೆಯೇ ಕಾವ್ಯಕ್ಕೆ ಕೈಹಾಕುತ್ತಾರೆ. ಶಕುಂತಲೆ ದುಷ್ಯಂತನನ್ನು ಏನಾದರೂ ಕೇಳಿದಳೆ? ಚಂದ್ರಮತಿ ಗಂಡನ ಸಾಲಕ್ಕಾಗಿ ಮಾರಾಟಕ್ಕೂ ನಿಲ್ಲಲಿಲ್ಲವೆ? ನಮ್ಮ ಜಿಲ್ಲೆಯ ಕಿಕ್ಕೇರಿಯವರೇ ಆದ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯ ಹೆಂಡತಿ ಪಹಣಿ ತರಿಸಿ ನೋಡಿದಳೆ? ಸಭೆ ಚಪ್ಪಾಳೆ ತಟ್ಟುತ್ತದೆ.

ನನ್ನ ತಕರಾರು ಈ ಚಪ್ಪಾಳೆಯ ಮೇಲೆ. ಹಳೆಯ ಕಾವ್ಯಗಳನ್ನು ಸಾಕ್ಷಿಗೆ ಕರೆಯುವವರು ಆ ಸಾಕ್ಷಿಯ ಹೇಳಿಕೆಯನ್ನು ಮೊದಲು ಪೂರ್ತಿಯಾಗಿ ಓದಿಕೊಂಡು ಬರಬೇಕು.

ಶಕುಂತಲೆಯನ್ನೇ ತೆಗೆದುಕೊಳ್ಳೋಣ. ಹಳೆಯ ಮೈಸೂರಿನವರಾದ ನಮಗೆ ಅವಳ ಪರಿಚಯ ಕಾಳಿದಾಸನಿಂದ, ಬಸವಪ್ಪಶಾಸ್ತ್ರಿಗಳ ಕನ್ನಡದಿಂದ, ಅವರ ನಾಟಕವನ್ನು ಆಡಿದ ಕಂಪನಿಗಳಿಂದ ಆದದ್ದು. ಅಲ್ಲಿ ಅವಳು ನಾಚುತ್ತಾಳೆ, ಬಳಲುತ್ತಾಳೆ, ಉಂಗುರವೊಂದನ್ನು ನಂಬಿ ಉಳಿಯುತ್ತಾಳೆ. ಆದರೆ ಇವಳಿಗಿಂತ ಹಿರಿಯಳೊಬ್ಬಳು ಮಹಾಭಾರತದ ಆದಿಪರ್ವದಲ್ಲಿದ್ದಾಳೆ. ಗಾಂಧರ್ವ ವಿವಾಹಕ್ಕೆ ರಾಜ ಅವಸರಪಡಿಸಿದಾಗ ಆ ಶಕುಂತಲೆ ಒಂದು ಷರತ್ತು ಹಾಕುತ್ತಾಳೆ: ತನ್ನ ಹೊಟ್ಟೆಯಲ್ಲಿ ಹುಟ್ಟುವ ಮಗನೇ ಯುವರಾಜನಾಗಬೇಕು. ರಾಜ ಒಪ್ಪಿದ ಮೇಲೆಯೇ ಮುಂದಿನ ಮಾತು. ಕಾಡಿನಲ್ಲಿ ಬೆಳೆದ ಹುಡುಗಿ, ಸಾಕುತಂದೆ ಊರಲ್ಲಿಲ್ಲ, ಎದುರಿಗೆ ಬಿಲ್ಲು ಹಿಡಿದ ದೊರೆ! ಆ ಸ್ಥಿತಿಯಲ್ಲೂ ನಾಳಿನ ಲೆಕ್ಕವನ್ನು ಮರೆಯಲಿಲ್ಲ. ಮುಂದೆ ತುಂಬಿದ ಸಭೆಯಲ್ಲಿ ಅದೇ ದೊರೆ ಅವಳನ್ನು ಅರಿಯೆನೆಂದಾಗ, ಅವಳು ಅಳುತ್ತ ಹಿಂದಿರುಗದೆ ವಾದಿಸಿ ನಿಂತಳು. ಕೊನೆಗೆ ಅಶರೀರವಾಣಿಯೇ ಅವಳ ಪರವಾಗಿ ನುಡಿಯಬೇಕಾಯಿತು. ಕಾಳಿದಾಸ ಆ ಷರತ್ತನ್ನು ತೆಗೆದ, ದೂರ್ವಾಸರ ಶಾಪವನ್ನು ಸೇರಿಸಿದ. ನಾಟಕಕ್ಕೆ ಸೊಗಸು ಬಂತು, ರಾಜನಿಗೂ ಬಿಡುಗಡೆ ಸಿಕ್ಕಿತು. ಇನ್ನು ದುಷ್ಯಂತನಾದರೂ ಏನು? ಆಶ್ರಮದ ಹುಡುಗಿಯನ್ನು ಕಂಡ ಮೊದಲ ಅಂಕದಲ್ಲೇ ಅವನು ಯೋಚಿಸುವುದು, ಇವಳು ಕ್ಷತ್ರಿಯ ಕೈಹಿಡಿಯತಕ್ಕವಳೋ ಅಲ್ಲವೋ ಎಂದು. ಅವಳು ವಿಶ್ವಾಮಿತ್ರನ ಮಗಳೆಂದು ಸಖಿಯರಿಂದ ತಿಳಿದ ಮೇಲೆಯೇ ಅವನ ಮನಸ್ಸಿಗೆ ನಿರಾಳ. ನಮ್ಮ ಭಾಷಣಕಾರರ ಕಣ್ಣಿಗೆ ಬೀಳುವುದು ಹೆಣ್ಣು ಮಾಡುವ ಲೆಕ್ಕ ಮಾತ್ರ.

ದೂರ ಹೋಗುವುದೇಕೆ, ನಮ್ಮ ಶ್ರೀರಂಗಪಟ್ಟಣವನ್ನೇ ನೋಡಬಹುದು. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಿಂಗರಾರ್ಯ ಬರೆದ 'ಮಿತ್ರವಿಂದಾ ಗೋವಿಂದ' ನಮಗೆ ಉಳಿದುಬಂದಿರುವ ಮೊದಲ ಕನ್ನಡ ನಾಟಕ. ಅದರ ಮೂಲ ಹರ್ಷನ 'ರತ್ನಾವಳಿ'. ಆ ಮೂಲದಲ್ಲಿ ರಾಜ ಮೋಹಿಸುವುದು ರಾಣಿಯ ಪರಿಚಾರಿಕೆಯನ್ನು. ಇಲ್ಲಿಗೆ ಜಾತಿ ಅಂತಸ್ತು ಎಲ್ಲ ಬಿದ್ದುಹೋಯಿತೆಂದು ಹಿಗ್ಗುವಷ್ಟರಲ್ಲಿ, ಅವಳು ಹಡಗು ಒಡೆದು ಬಂದ ಸಿಂಹಳದ ರಾಜಕುಮಾರಿಯೆಂದು ಕೊರಳಿನ ರತ್ನಮಾಲೆ ಹೇಳಿಬಿಡುತ್ತದೆ. ಮಾಲೆ ಇಲ್ಲದ ಪರಿಚಾರಿಕೆಯನ್ನು ಪ್ರೀತಿಸಿದ್ದರೆ ನಾಟಕ ಹೇಗೆ ಮುಗಿಯುತ್ತಿತ್ತೋ!

ನಿಜವಾಗಿಯೂ ಕೆಳಗಿಳಿದು ಒಲಿದ ಹೆಣ್ಣು ನಮ್ಮ ಕಾವ್ಯಗಳಲ್ಲಿ ಇಲ್ಲವೆಂದಲ್ಲ. ಜನ್ನನ 'ಯಶೋಧರ ಚರಿತೆ'ಯ ಅಮೃತಮತಿ ರಾಣಿಯಾಗಿದ್ದು ಕುರೂಪಿಯಾದ ಮಾವುತನಿಗೆ ಮನಸೋತಳು. ಕವಿ ಅವಳ ಕೈಯಿಂದ ಗಂಡನಿಗೂ ಅತ್ತೆಗೂ ವಿಷ ಕೊಡಿಸಿ ನರಕಕ್ಕೆ ಕಳಿಸಿದ. ಧರ್ಮಗ್ರಂಥವಾದ್ದರಿಂದ ಅದು ಸಹಜವೆನ್ನಿ. ರಾಘವಾಂಕನ ಅನಾಮಿಕ ಕನ್ಯೆಯರ ಕಥೆ ಬೇರೆ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಆ ಇಬ್ಬರು ಹರಿಶ್ಚಂದ್ರನ ಮುಂದೆ ಹಾಡಿ ಕುಣಿದು ಮೆಚ್ಚಿಸಿ, ಮೊದಲು ಮುತ್ತಿನ ಸತ್ತಿಗೆಯನ್ನು, ಆಮೇಲೆ ಅವನನ್ನೇ ಗಂಡನನ್ನಾಗಿ ಬೇಡುತ್ತಾರೆ. ಕುಲದ ಮಾತೆತ್ತಿ ರಾಜ ಒಲ್ಲೆನೆಂದಾಗ ಅವರು ಕೇಳುವ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ: ನಮ್ಮ ಹಾಡನ್ನು ನಿನ್ನ ಕಿವಿ ಉಂಡಿತು, ರೂಪವನ್ನು ಕಣ್ಣು ಉಂಡಿತು, ಇವಕ್ಕೆಲ್ಲ ಇಲ್ಲದ ಮೈಲಿಗೆ ಮುಟ್ಟುವುದಕ್ಕೆ ಮಾತ್ರ ಏಕೆ? (ಮಾತು ನನ್ನದು, ತಾತ್ಪರ್ಯ ಕವಿಯದು.) ರಾಜ ಉತ್ತರ ಕೊಡಲಿಲ್ಲ, ಹೊಡೆದು ಓಡಿಸಿದ. ಅವರನ್ನು ಮದುವೆಯಾಗುವುದಕ್ಕಿಂತ ರಾಜ್ಯವನ್ನೇ ಬಿಟ್ಟ. ಚಂದ್ರಮತಿ ಮಾರಾಟಕ್ಕೆ ನಿಂತಳೆಂದು ಕಣ್ಣೀರಿಡುವ ನಮ್ಮ ಹಿರಿಯರು, ಅವಳು ನಿಲ್ಲಬೇಕಾಗಿ ಬಂದ ಕಾರಣದಲ್ಲಿ ಈ ನಿರಾಕರಣೆಯೂ ಒಂದೆಂಬುದನ್ನು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಿದರೆ ಮುಂದಿನ ಮಾತೂ ಹೇಳಬೇಕಾಗುತ್ತದೆ. ದಲಿತ ಯುವಕನನ್ನು ಪ್ರೀತಿಸಿದ ತಪ್ಪಿಗೆ ಹುಡುಗಿಯೊಬ್ಬಳನ್ನು ಕೊಂದರೆಂದು 2011ರಲ್ಲಿ ಪತ್ರಿಕೆಗಳು ಬರೆದದ್ದು ನಮ್ಮ ಮದ್ದೂರು ತಾಲ್ಲೂಕಿನಿಂದಲೇ. ಅವಳು ಸಂಬಳ ಕೇಳಿರಲಿಲ್ಲ, ಬೆಂಗಳೂರಿನ ಮನೆಯನ್ನೂ ಕೇಳಿರಲಿಲ್ಲ. ಪ್ರೀತಿಯನ್ನೇ ಕೇಳಿದ್ದಳು.

'ಮೈಸೂರು ಮಲ್ಲಿಗೆ'ಯ ಬಗ್ಗೆ ಒಂದೇ ಮಾತು. 1942ರಲ್ಲಿ ಬಂದ ಆ ಪುಸ್ತಕವನ್ನು ನಾನೂ ಬಾಯಿಪಾಠ ಮಾಡಿದವನೇ. ಅದರ ಒಲವಿನ ಸವಿ ಬಹುಪಾಲು ತಾಳಿ ಕಟ್ಟಿದ ಮೇಲಿನದು. ಯಾರನ್ನು ಒಪ್ಪಬೇಕು ಎಂದು ಹೊಸ್ತಿಲಲ್ಲಿ ನಿಂತು ಯೋಚಿಸುತ್ತಿರುವ ಹುಡುಗಿಗೆ ಅದನ್ನು ತೋರಿಸಿ ಗದರುವುದು ಕವಿಗೂ ನ್ಯಾಯವಲ್ಲ, ಹುಡುಗಿಗೂ ನ್ಯಾಯವಲ್ಲ.

ಗಂಡುಗಳ ಸಂಕಟ ಸುಳ್ಳೆಂದು ನಾನು ಹೇಳುತ್ತಿಲ್ಲ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧೂವರರ ಸಮಾವೇಶಕ್ಕೆ ಗಂಡುಗಳು 10,000ಕ್ಕೂ ಮೀರಿ ಬಂದರೆ ಹೆಣ್ಣುಗಳು ಕೆಲವೇ ನೂರು ಎಂದು ಪತ್ರಿಕೆಗಳಲ್ಲಿ ಓದಿದೆವು. ಮರುವರ್ಷ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ, ಮೂವತ್ತು ದಾಟಿದ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲೆಂದು ಮಲೆಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ನಗುವ ವಿಷಯವಲ್ಲ ಇದು. ಆದರೆ ಹೆಣ್ಣುಗಳು ಎಲ್ಲಿ ಹೋದರು? ಅದೇ 2023ರಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಯಂತ್ರವಿಟ್ಟು ನೋಡುತ್ತಿದ್ದದ್ದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಹುಟ್ಟಗೊಡದವರು ಯಾರೋ, ಹುಟ್ಟಿ ಬೆಳೆದವಳ ಮೇಲೆ ದುರಾಸೆಯ ಆರೋಪ.

ಆಸ್ತಿಯ ಮಾತೂ ಆಗಿಬಿಡಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು; 2005ರಲ್ಲಿ ದೇಶಕ್ಕೆಲ್ಲ ಬಂತು. ನಮ್ಮ ಮನೆಗಳಲ್ಲಿ ನಡೆಯುವುದೇನು? ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ಅರಿಶಿನ ಕುಂಕುಮಕ್ಕೆಂದು ಏನೋ ಒಂದಿಷ್ಟು ಕೈಗಿಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದು. ತವರಿನ ಗದ್ದೆ ಅವಳದಲ್ಲ, ಗಂಡನ ಮನೆಯ ಗದ್ದೆಯ ಪಹಣಿಯಲ್ಲಿ ಮಾವನ ಹೆಸರು. ಅವಳ ಪಾಲಿಗೆ ಬರುವುದು ಹಸುವಿನ ಮೇವು, ಕಬ್ಬಿನ ಕೂಲಿಯಾಳಿನ ಊಟ, ಕಾರ್ಖಾನೆಯಿಂದ ಹಣ ಬರುವ ತನಕ ಕಾಯುವ ಕೆಲಸ. ಇಂಗ್ಲೆಂಡಿನ ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಶಾರ್ಲೆಟ್ ಎಂಬ ಇಪ್ಪತ್ತೇಳರ ಹೆಣ್ಣು, ತಲೆಯ ಮೇಲೊಂದು ಸೂರು ಬೇಕೆಂದು ಮೂರ್ಖನೊಬ್ಬನನ್ನು ತಿಳಿದೂ ತಿಳಿದೂ ಮದುವೆಯಾಗುತ್ತಾಳೆ. ಅವಳಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ಮಳವಳ್ಳಿಯ ಹುಡುಗಿಗೆ ಬಿ.ಕಾಂ. ಓದಿ ಬೇರೆ ದಾರಿ ಒಂದಿಷ್ಟು ಕಂಡಿದೆ, ಅವಳು ಒಲ್ಲೆನೆನ್ನುತ್ತಾಳೆ. ಅವಳು ಷರತ್ತು ಹಾಕಿದರೆ ವ್ಯಾಸರ ಶಕುಂತಲೆಯ ಸಾಲಿನವಳೇ ಹೊರತು ಕಲಿಗಾಲದ ಹೊಸ ಪ್ರಾಣಿಯಲ್ಲ.

ನಮ್ಮ ಭಾಗದವರು ಬೆಟ್ಟಕ್ಕೆ ಹೋಗುವ ದಾರಿ ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ. ಆ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬುದೊಂದಿದೆ. ಕಾಡಿಗೆ ಹೊರಟ ಗಂಡ ನೀಲೇಗೌಡ, ನಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಮದುವೆಯ ದಿನ ಕೊಟ್ಟದ್ದಾಯಿತು, ಇನ್ನೊಂದು ಕೊಡಲಾರೆ ಎನ್ನುತ್ತಾಳೆ ಸಂಕಮ್ಮ. ಅವನು ಕೊಟ್ಟ ಹಿಂಸೆಯನ್ನೆಲ್ಲ ತಿಂದಳು, ಭಾಷೆ ಮಾತ್ರ ಕೊಡಲಿಲ್ಲ. ಮಾದಪ್ಪ ಬಂದು ನಿಂತದ್ದು ಅವಳ ಕಡೆಗೆ. ಮುಂದಿನ ಸಭೆಗೆ ಕಾರ್ಯದರ್ಶಿಗಳು ಕಾಳಿದಾಸನ ಮೇಲೆ ಭಾಷಣ ಇಡಿಸುವ ಬದಲು ಕಂಸಾಳೆಯವರನ್ನು ಕರೆಸಿ ಈ ಸಾಲನ್ನು ಪೂರ್ತಿಯಾಗಿ ಹಾಡಿಸಲಿ. ಗಂಡು ಹೆತ್ತವರಿಗೆ ಮುಂದಿನ ಕುರ್ಚಿಗಳನ್ನು ಹಾಕಿಸಲಿ. ಕಂಸಾಳೆಯವರ ಸಂಭಾವನೆಯಲ್ಲಿ ನನ್ನದೂ ಒಂದು ಪಾಲಿರಲಿ.