ನಾಟಕಕ್ಕೆ ದಾರಿ ಇದೆ, ಚಂಪಾ ಶೆಟ್ಟಿಯವರ ಸಿನಿಮಾಗೆ?

ಕನ್ನಡ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಸ್ಥಿತಿ ಅಂದ ಕೂಡಲೇ ನಮ್ಮ ಚರ್ಚೆ ಕಿರುಕುಳದ ವಿಚಾರಕ್ಕೆ ಬಂದು ನಿಲ್ಲುತ್ತೆ. ಕೇರಳದ ಹೇಮಾ ಸಮಿತಿ ವರದಿ ಹೊರಬಿದ್ದ ಮೇಲೆ, 2024ರಲ್ಲಿ 'ಫೈರ್' ಸಂಸ್ಥೆ ಇಲ್ಲೂ ಅಂಥ ಸಮಿತಿ ಬೇಕು ಅಂತ ಸರ್ಕಾರವನ್ನು ಕೇಳಿತು. ಆ ಬೇಡಿಕೆಯಲ್ಲಿ ತಕರಾರು ತೆಗೆಯುವಂಥದ್ದು ಏನೂ ಇಲ್ಲ. ಆದರೆ ಕಷ್ಟಪಟ್ಟು ಸಿನಿಮಾ ಮುಗಿಸಿದ ಹೆಣ್ಣಿನ ಚಿತ್ರ ಎಲ್ಲಿವರೆಗೆ ತಲುಪುತ್ತೆ ಅನ್ನೋದನ್ನು ಯಾರೂ ಅಷ್ಟಾಗಿ ಕೇಳ್ತಿಲ್ಲ.

ಚಂಪಾ ಶೆಟ್ಟಿಯವರನ್ನೇ ನೋಡಿ. ರಂಗಭೂಮಿಯಲ್ಲಿ ಬೆಳೆದ ನಟಿ, ಜೊತೆಗೆ ಕಂಠದಾನ ಕಲಾವಿದೆ. ಅಂದರೆ ತೆರೆ ಮೇಲೆ ಮುಖ ಬೇರೆ ನಾಯಕಿಯದು, ದನಿ ಇವರದು. ವೈದೇಹಿಯವರ ಕತೆಗಳನ್ನು 'ಅಕ್ಕು' ನಾಟಕವಾಗಿ ಆಡಿಸಿ, ಅದೇ ಕತೆಗಳಿಂದ 2018ರಲ್ಲಿ 'ಅಮ್ಮಚ್ಚಿಯೆಂಬ ನೆನಪು' ತೆರೆಗೆ ತಂದರು. ಕುಂದಾಪುರದ ಕನ್ನಡ ಮಾತಾಡುವ ಚಿತ್ರ. ರಾಜ್ ಬಿ. ಶೆಟ್ಟಿ ಬಿಟ್ಟರೆ ಪೋಸ್ಟರ್‌ನಲ್ಲಿ ದೊಡ್ಡ ಹೆಸರಿಲ್ಲ. ಮುಂದಿನದು 'ಕೋಳಿ ಎಸ್ರು', 2024ರ ಜನವರಿಯಲ್ಲಿ ಬಂತು. ಕಾ.ತ. ಚಿಕ್ಕಣ್ಣನವರ ಕತೆ, ಮುಖ್ಯ ಪಾತ್ರದಲ್ಲಿ ಅಕ್ಷತಾ ಪಾಂಡವಪುರ. ಮಗಳಿಗೆ ಒಂದು ಹೊತ್ತು ಕೋಳಿ ಸಾರು ಉಣಿಸಬೇಕು ಅನ್ನೋ ತಾಯಿ. ಇಷ್ಟೇ ಎಳೆ. ಆದರೆ ಈ ಒಂದು ಸಾರಿನೊಳಗೆ ಬಡತನ, ಜಾತಿ, ಗಂಡನ ಮನೆ ಎಲ್ಲ ಬೇಯುತ್ತೆ. ಬಾಡೂಟದ ಬಗ್ಗೆ ಇಷ್ಟೊಂದು ರಾಜಕೀಯ ನಡೆಯುವ ಕಾಲದಲ್ಲಿ ಇಂಥ ಕತೆ ಆರಿಸಿಕೊಂಡಿದ್ದೇ ಒಂದು ನಿಲುವು ಅಂತ ನಾನಂತೂ ಓದಿಕೊಂಡೆ.

ಪ್ರೇಮಾ ಕಾರಂತರೂ ರಂಗಭೂಮಿಯಿಂದಲೇ ಬಂದು 'ಫಣಿಯಮ್ಮ' ಮಾಡಿದವರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದು ನಾಲ್ಕು ದಶಕ ಆಯ್ತು. ಈ ದಾರಿ ಇನ್ನೂ ಕಾಲುಹಾದಿಯೇ.

ನಮ್ಮ ಚಿತ್ರದುರ್ಗಕ್ಕೆ ಸಿನಿಮಾ ಅಂದರೆ ಇವತ್ತಿಗೂ 1972ರ 'ನಾಗರಹಾವು'. ಕೋಟೆ ಹತ್ತಿದವರೆಲ್ಲ ಜಯಂತಿಯವರ ಓಬವ್ವನನ್ನು ನೆನೆಯುತ್ತಾರೆ, ನೆನೆಯಲಿ. ಅದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 'ಶಿವಸಂಚಾರ' 1997ರಿಂದ ವರ್ಷಕ್ಕೆ ಮೂರು ನಾಟಕ ಹೊತ್ತು ಊರೂರು ಸುತ್ತುತ್ತಿದೆ. ಒಂದು ಹಳ್ಳಿಯ ರಂಗಶಾಲೆ ಇಷ್ಟು ಮಾಡುತ್ತೆ. ಹಾಗಿದ್ದ ಮೇಲೆ ಹಿರಿಯೂರು, ಹೊಳಲ್ಕೆರೆಯ ಜನಕ್ಕೆ ಗಂಭೀರ ಕತೆ ರುಚಿಸಲ್ಲ ಅನ್ನೋ ವಿತರಕರ ಮಾತನ್ನು ಹೇಗೆ ನಂಬೋದು?

ತೊಂದರೆ ಬಿಡುಗಡೆಯ ಲೆಕ್ಕಾಚಾರದ್ದು. ಶುಕ್ರವಾರ ಬಂದು, ಸೋಮವಾರದೊಳಗೆ ಜನ ಸೇರದಿದ್ದರೆ ಪರದೆ ಬೇರೆಯವರಿಗೆ. ಪ್ರಚಾರಕ್ಕೆ ದುಡ್ಡಿಲ್ಲದ ಚಿತ್ರ ಬಾಯಿಮಾತಿನಿಂದ ನಿಲ್ಲಬೇಕು, ಬಾಯಿಮಾತು ಹಬ್ಬೋಕೆ ಮೂರು ದಿನ ಸಾಲಲ್ಲ. ಸರ್ಕಾರ 2025ರ ಬಜೆಟ್‌ನಲ್ಲಿ ಎರಡು ಮಾತು ಕೊಟ್ಟಿತು: ಟಿಕೆಟ್‌ಗೆ 200 ರೂಪಾಯಿ ಮಿತಿ, ರಾಜ್ಯದ್ದೇ ಒಟಿಟಿ. ಟಿಕೆಟ್ ಆದೇಶಕ್ಕೆ ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಊರಿಗೇ ಬಾರದ ಸಿನಿಮಾಗೆ ಟಿಕೆಟ್ ಅಗ್ಗ ಆದರೇನು ಬಿಡಿ. ಒಟಿಟಿ ಬಂದರೆ ಒಳ್ಳೆಯದೇ, ಆದರೆ ಸಾವಿರ ಶೀರ್ಷಿಕೆಗಳ ನಡುವೆ 'ಕೋಳಿ ಎಸ್ರು' ಹುಡುಕಿ ನೋಡುವವರು ಮೊದಲೇ ಅದರ ಹೆಸರು ಕೇಳಿರಬೇಕಲ್ಲ?

ಅದಕ್ಕಿಂತ ಸರಳವಾದದ್ದೊಂದಿದೆ. ತಾಲ್ಲೂಕಿಗೊಂದು ಸರ್ಕಾರಿ ಭವನ, ಕಾಲೇಜು ಸಭಾಂಗಣ ಈಗಾಗಲೇ ಇವೆ, ನಾಟಕದ ತಂಡಗಳಿಗೆ ಊರೂರಲ್ಲಿ ಪರಿಚಯದವರೂ ಇದ್ದಾರೆ. ಸಬ್ಸಿಡಿ ಕೊಟ್ಟು ಮಾಡಿಸಿದ ಚಿತ್ರಗಳನ್ನು, ನಿರ್ದೇಶಕಿಯ ಸಮೇತ, ಇದೇ ಜಾಡಿನಲ್ಲಿ ಕಳಿಸಲು ವಾರ್ತಾ ಇಲಾಖೆಗೆ, ಚಲನಚಿತ್ರ ಅಕಾಡೆಮಿಗೆ ಏನು ಅಡ್ಡಿ? ಒಂದು ಪ್ರೊಜೆಕ್ಟರ್, ಒಂದು ವ್ಯಾನು. ಮುಂದಿನ ಬಜೆಟ್‌ಗೆ ಮೊದಲು ನಿಮ್ಮ ಶಾಸಕರನ್ನು ಇದನ್ನೇ ಕೇಳಿ.