ಸೈಕಲ್ ಹತ್ತಿದಾಕಿ ಎಲ್ಲಿಗೆ ಹೊಂಟಾಳ?

ಗಂಗಾವತಿಯಿಂದ ಆನೆಗೊಂದಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತವರು ಇದನ್ನು ನೋಡಿಯೇ ಇರುತ್ತೀರಿ. ಬಾಳೆ ತೋಟದ ಮಗ್ಗುಲಲ್ಲಿ ಒಬ್ಬ ಹೆಣ್ಣುಮಗಳು ಸೈಕಲ್ ತುಳಿಯುತ್ತ ಬರುತ್ತಾಳೆ. ಕ್ಯಾರಿಯರ್ ಮೇಲೆ ಬುತ್ತಿ ಇಲ್ಲ, ಹ್ಯಾಂಡಲ್ಲಿಗೆ ಚೀಲ ಇಲ್ಲ. ಬಸ್ಸಿನೊಳಗೆ ಪ್ರಶ್ನೆ ಏಳುತ್ತದೆ: "ಈಕಿ ಎಲ್ಲಿಗೆ ಹೊಂಟಾಳ?"

ಎಲ್ಲಿಗೂ ಇಲ್ಲ ಸ್ವಾಮಿ, ಸುಮ್ಮನೆ ಹೊಂಟಾಳ. ಆಕೆ ಬೆಳ್ಳಗಿದ್ದರೆ "ಫಾರಿನ್ನಿನವರು, ಅವರಿಗೇನು" ಎಂದು ಮಾತು ಅಲ್ಲಿಗೇ ಮುಗಿಯಿತು. ನಮ್ಮ ಕಡೆಯವಳಾದರೆ ಯಾರ ಮಗಳು, ಯಾರ ಸೊಸೆ ಎಂದು ಮುಂದಿನ ಸ್ಟಾಪಿನ ತನಕ ವಿಚಾರಣೆ ನಡೆಯುತ್ತದೆ.

ಈ 'ಸುಮ್ಮನೆ' ತಿರುಗಾಟವನ್ನು ನಮ್ಮ ಜಿಲ್ಲೆಗೆ ತೋರಿಸಿಕೊಟ್ಟದ್ದು ವಿರೂಪಾಪುರಗಡ್ಡೆ. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷನ ಗುಡಿ ಬಳಿ ಹೊಳೆ ದಾಟಿ ಗಡ್ಡೆಯಲ್ಲಿ ಬಿಡಾರ ಹೂಡುವ ಪರದೇಶದವರು ವರ್ಷದಿಂದ ವರ್ಷಕ್ಕೆ ಹೆಚ್ಚಿದರು. ಬಾಡಿಗೆ ಸೈಕಲ್ ಹಿಡಿದು ಸಾಣಾಪುರದ ಕೆರೆ, ಅಂಜನಾದ್ರಿ, ಪಂಪಾ ಸರೋವರ, ಆನೆಗೊಂದಿ ಸುತ್ತಿ ಬರುವುದು ಅಲ್ಲಿಗೆ ಬಂದ ಹೆಂಗಸರ ದಿನಚರಿಯೇ ಆಗಿತ್ತು. ಹರಿಗೋಲಿನಲ್ಲಿ ಸೈಕಲ್ ಏರಿಸಿಕೊಂಡು ಹೊಳೆ ದಾಟಿದವರೂ ಇದ್ದರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಗಡ್ಡೆಯ ರೆಸಾರ್ಟುಗಳು ಜೆಸಿಬಿ ಬಾಯಿಗೆ ಹೋದವು. ಆ ವ್ಯಾಜ್ಯವನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ಕಟ್ಟಡ ಹೋದವು, ರಸ್ತೆ ಇದೆ, ಕೆರೆ ಇದೆ.

ಹಾಗಂತ ನಮ್ಮ ಹುಡುಗಿಯರಿಗೆ ಸೈಕಲ್ ಬರುವುದಿಲ್ಲ ಅಂದುಕೊಳ್ಳಬೇಡಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಸುರು ಮಾಡಿತು. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲೂ ಜಡೆ ಹಾರಿಸಿಕೊಂಡು ಸಾಲುಸಾಲಾಗಿ ಹೈಸ್ಕೂಲಿಗೆ ಹೋದ ಹುಡುಗಿಯರನ್ನು ನಾವೇ ಕಂಡಿದ್ದೇವೆ. ಕೋವಿಡ್ ಬಂದಾಗ ಆ ಯೋಜನೆ ನಿಂತಿತು. ಆದರೆ ಅದಕ್ಕೂ ಮುಂಚೆ ಮನೆಯಲ್ಲೇ ಇನ್ನೊಂದು ನಿಲುಗಡೆ ಇತ್ತು. ಹತ್ತನೇ ಕ್ಲಾಸು ಮುಗಿಯುತ್ತಲೇ ಆಕೆಯ ಸೈಕಲ್ಲಿಗೆ ಅಣ್ಣ ಹಾಲಿನ ಕ್ಯಾನ್ ಕಟ್ಟಿಕೊಂಡ. ಇಲ್ಲವಾದರೆ ಅದು ಗೋಡೆಗೆ ಒರಗಿ ತುಕ್ಕು ಹಿಡಿಯಿತು. ಶಾಲೆಗೆ ಹೋಗಲು ಸೈಕಲ್ ಬೇಕು, ಸರಿ. ಸಾಣಾಪುರದ ಕೆರೆ ನೋಡಿ ಬರಲು ಯಾಕೆ ಬೇಡ?

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಸಂಗತಿ ಕೇಳಿ. 1990ರ ದಶಕದ ಮೊದಲಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆದಾಗ, ಕಲೆಕ್ಟರ್ ಆಗಿದ್ದ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಹೊಲಗೆಲಸದವರು, ಕಲ್ಲು ಕ್ವಾರಿಯ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತರು. ಮೊದಮೊದಲು ಊರವರು ಆಡಿಕೊಂಡರು, ಆಮೇಲೆ ಬಾಯಿ ಸುಮ್ಮನಾಯಿತು. ಸೈಕಲ್ ಅಂಗಡಿಯವರಿಗಂತೂ ಸುಗ್ಗಿ. ಲೇಡೀಸ್ ಸೈಕಲ್ ಸಿಗದಾದಾಗ ಹೆಂಗಸರು ಗಂಡಸರ ಸೈಕಲ್ಲನ್ನೇ ಒಯ್ದರು. ಮುಂದಿನ ಬಾರ್ ಮೇಲೆ ಕೂಸನ್ನು ಕೂಡಿಸಬಹುದಲ್ಲ, ಅದೂ ಒಂದು ಅನುಕೂಲ!

ನಮ್ಮಲ್ಲಿ ಅಡ್ಡ ಬರುವುದು ಎರಡು: ಬಿಸಿಲು, ಭಯ. ಬೇಸಿಗೆಯಲ್ಲಿ ಎಂಟು ಗಂಟೆಯ ಮೇಲೆ ಬಂಡೆಗಳೆಲ್ಲ ಕಾದ ಹಂಚು. ಮುಂಜಾನೆ ಹೋಗಲಿ ಅನ್ನೋಣವೆಂದರೆ ನೀರು ತುಂಬುವುದು, ರೊಟ್ಟಿ ಬಡಿಯುವುದು, ಮಕ್ಕಳ ಡಬ್ಬಿ ಕಟ್ಟುವುದು ಯಾರು? ಹೆಂಗಸಿಗೆ ತನ್ನದು ಅನ್ನುವ ಒಂದು ತಾಸು ಸಿಕ್ಕರೆ ಅದು ಹೊತ್ತು ಇಳಿದ ಮೇಲೆಯೇ. ಆ ತಾಸನ್ನೇ ಭಯ ಕಸಿದುಕೊಂಡಿದೆ.

ಭಯಕ್ಕೆ ಕಾರಣ ಇಲ್ಲ ಅನ್ನಲಾಗದು. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ಎಡದಂಡೆ ಕಾಲುವೆ ಬಳಿ ನಕ್ಷತ್ರ ನೋಡುತ್ತ ಕೂತಿದ್ದ ಐದು ಜನರ ಮೇಲೆ ಬೈಕಿನಲ್ಲಿ ಬಂದ ದುರುಳರು ಬಿದ್ದರು. ಗಂಡಸರನ್ನು ಕಾಲುವೆಗೆ ನೂಕಿದರು, ಒಡಿಶಾದ ಒಬ್ಬ ಪ್ರವಾಸಿ ಜೀವ ಬಿಟ್ಟ. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಒಬ್ಬಾಕೆ ಇಸ್ರೇಲಿನವರು, ಇನ್ನೊಬ್ಬರು ಹೋಂಸ್ಟೇ ನಡೆಸುತ್ತಿದ್ದವರು. ಜಿಲ್ಲೆ ತಲೆ ತಗ್ಗಿಸಿತು. ಚಹಾದಂಗಡಿ ಕಟ್ಟೆಯ ಮೇಲೆ ಬಂದ ಮಾತು ಏನು? "ಆ ಹೊತ್ತಿನಾಗ ಅಲ್ಲಿಗೆ ಯಾಕ ಹೋಗಬೇಕಿತ್ರಿ?" ಕಾಲುವೆ ದಂಡೆ ಯಾಕೆ ಕತ್ತಲಿತ್ತು, ಗಸ್ತು ಎಲ್ಲಿತ್ತು ಎಂದು ಕೇಳಿದವರು ಕಡಿಮೆ. ಅಂಗಡಿ ಕಳವಾದರೆ ಪೊಲೀಸರು ಸಾವ್ಕಾರರಿಗೆ "ಅಂಗಡಿ ಯಾಕೆ ಇಟ್ಟಿದ್ದಿರಿ" ಎಂದು ಕೇಳಿದರೆ ಒಪ್ಪುತ್ತೀರಾ?

ಇನ್ನು ದುಡ್ಡಿನ ಮಾತು. 2022-23ರ ಬಜೆಟ್ಟಿನಲ್ಲಿ ಅಂಜನಾದ್ರಿ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಿಸಿದರು. ಅಂಥ ಲೆಕ್ಕದಲ್ಲಿ ಆನೆಗೊಂದಿಯಿಂದ ಸಾಣಾಪುರದವರೆಗೆ ಮೂರು ಮೊಳದ ಸೈಕಲ್ ದಾರಿ ದೊಡ್ಡ ಬಾಬತ್ತೇನಲ್ಲ. ಎಲ್ಲೆಲ್ಲಿ ದೀಪ ಇಲ್ಲ, ಎಲ್ಲಿ ಬಳ್ಳಾರಿ ಜಾಲಿ ರಸ್ತೆಗೇ ಬಾಗಿದೆ ಎಂದು ತಿಳಿಯಲು ಸಮಿತಿ ಬೇಕಿಲ್ಲ. ಒಂದು ಸಂಜೆ ಸಾಹೇಬರು ಜೀಪು ಬಿಟ್ಟು ಸೈಕಲ್ ಮೇಲೆ ಹೋಗಿ ಬರಲಿ. ಎರಡು ಪಂಕ್ಚರ್ ಆದರೆ ವರದಿ ತಾನಾಗಿ ತಯಾರಾಗುತ್ತದೆ.

ವ್ಯಾಪಾರಸ್ಥರಿಗೂ ಒಂದು ಲೆಕ್ಕ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು. ಆಗಲೂ ನಾವು ಕೇಳಿದ್ದು ಇದೇ: "ಇವರೆಲ್ಲ ಎಲ್ಲಿಗೆ ಹೊಂಟಾರ?" ಹುಲಿಗೆಮ್ಮನ ಗುಡಿಗೆ, ಅಂಜನಾದ್ರಿಗೆ, ತವರಿಗೆ. 575 ಮೆಟ್ಟಿಲು ಹತ್ತಿಳಿದ ಅಕ್ಕಂದಿರು ಬಾಳೆಹಣ್ಣು ಕೊಂಡು ವಾಪಸ್ ಬಸ್ಸು ಕಾಯುತ್ತ ಕೂಡುತ್ತಾರೆ. ಕೆರೆ ಅಲ್ಲೇ ಹತ್ತಿರ. ತಾಸಿನ ಬಾಡಿಗೆಗೆ ತಗ್ಗು ಸೀಟಿನ, ಸೀರೆ ಸಿಕ್ಕದಂತೆ ಚೈನಿಗೆ ಕವರ್ ಇರುವ, ಲೈಟು ಬ್ರೇಕು ಸರಿ ಇರುವ ಲೇಡೀಸ್ ಸೈಕಲ್ ಹತ್ತು ಇಟ್ಟು ನೋಡಿ. "ಯಾರು ಒಯ್ತಾರ್ರಿ?" ಅನ್ನಬೇಡಿ. ಎಂಟನೇ ಕ್ಲಾಸಿನಲ್ಲಿ ಸೈಕಲ್ ಕಲಿತವರೇ ಈಗ ಮಕ್ಕಳ ತಾಯಂದಿರು. ಕಾಲಿಗೆ ಮರೆತಿರುವುದಿಲ್ಲ.

ಪ್ರತಿ ಡಿಸೆಂಬರಿನಲ್ಲಿ ಹನುಮಮಾಲೆಯ ಭಕ್ತರು ಬರುವಾಗ ಅಂಜನಾದ್ರಿಯ ಸುತ್ತ ಪೊಲೀಸರು, ದೀಪ, ಕುಡಿಯುವ ನೀರು ಎಲ್ಲ ಒದಗುತ್ತದೆ. ಮಾಡಬಲ್ಲರು ಅಂದಹಾಗಾಯಿತು. ಈ ಸಲ ಆ ದೀಪದ ಕಂಬಗಳು ಸಾಣಾಪುರದ ತನಕ ಹೋಗಲಿ, ಜಾತ್ರೆ ಮುಗಿದ ಮೇಲೂ ಬಿಚ್ಚದೆ ಅಲ್ಲೇ ಬಿಡಲಿ.